ಅರವತ್ತು ಮೇಲೆ, ಅರವತ್ತು ಕೆಳಗೆ: ದುರ್ಬೀನು ಪರೀಕ್ಷಿಸುವ ಕ್ಲಿಕ್ಕಮ್ಮ

ಬೆಳಗಿನ ಐದೂ ಮುಕ್ಕಾಲು. ಸೂರ್ಯ ಇನ್ನೂ ಮಣ್ಣಿನ ದಿಬ್ಬದ ಹಿಂದೆಯೇ ಇದ್ದಾನೆ. ಗುರಿ ಹೊಡೆಯುವ ಮೈದಾನದ ಒಂದು ತುದಿ, ತಗಡಿನ ಮಾಡಿನ ಕೋಣೆ. ಐವತ್ತೇಳು ವರ್ಷದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತು, ಕಪ್ಪು ಕೊಳವೆಯೊಂದಕ್ಕೆ ಕಣ್ಣೊಡ್ಡಿ, ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದಾರೆ. ಕೊಳವೆ ಎಂದರೆ ರೈಫಲ್ಲಿನ ಬೆನ್ನ ಮೇಲೆ ಕೂರಿಸುವ ದುರ್ಬೀನು. ಶೂಟರ್‌ಗಳ ಮಾತಿನಲ್ಲಿ ಸ್ಕೋಪ್. ಕೋಣೆಯಲ್ಲಿ ರೈಫಲ್ ಮಾತ್ರ ಇಲ್ಲ. ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ದಿಮ್ಮಿಯೊಂದು ಸ್ಕೋಪನ್ನು ಕಚ್ಚಿ ಹಿಡಿದಿದೆ. ನೂರು ಮೀಟರ್ ಆಚೆ ಗೆರೆ ಎಳೆದ ಬಿಳಿ ಹಲಗೆ ನಿಂತಿದೆ.

ಸ್ಕೋಪಿನ ನೆತ್ತಿಯ ಮೇಲಿನ ತಿರುಪನ್ನು ಅವರು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿರುಗಿಸುತ್ತಾರೆ. ಟಿಕ್, ಟಿಕ್, ಟಿಕ್. ಒಂದೊಂದು ಸದ್ದಿಗೂ ಒಳಗಿನ ಕೂಡುಗೆರೆ, ಅಂದರೆ ಗುರಿ ಹಿಡಿಯುವ ಅಡ್ಡ ಉದ್ದ ಗೆರೆಗಳ ಕೂಡುಬಿಂದು, ಹಲಗೆಯ ಮೇಲೆ ಏಳು ಮಿಲಿಮೀಟರಿನಷ್ಟು ಸರಿಯಬೇಕು. ಅರವತ್ತು ಮೇಲೆ, ಅರವತ್ತು ಕೆಳಗೆ. ಕೊನೆಗೆ ಹೊರಟ ಗೆರೆಗೇ ಕೂದಲೆಳೆಯ ವ್ಯತ್ಯಾಸವಿಲ್ಲದೆ ಬಂದು ನಿಲ್ಲಬೇಕು. ಹೀಗೆ ಒಂದು ಸ್ಕೋಪಿಗೆ ಐದು ಸುತ್ತು, ದಿನಕ್ಕೆ ನಾಲ್ಕು ಸ್ಕೋಪು. ಅಲ್ಲಿಗೆ ಎರಡು ಸಾವಿರದ ನಾನೂರು ಕ್ಲಿಕ್. ಮೈದಾನದಲ್ಲಿ ಎಲ್ಲರೂ ಇವರನ್ನು ‘ಕ್ಲಿಕ್ಕಮ್ಮ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಯಜಮಾನರೂ ಹಾಗೇ ಕರೆಯಲು ಶುರುಮಾಡಿದ್ದಾರಂತೆ. ‘ಅವರು ಹಾಗೆ ಕರೆದ್ರೆ ಮಾತ್ರ ನಾನು ತಿರುಗಿ ನೋಡಲ್ಲ’ ಎಂದು ಕ್ಲಿಕ್ಕಮ್ಮ ನಗುತ್ತಾರೆ.

ಇಷ್ಟು ಬೇಗ ಯಾಕೆ ಎಂದು ಕೇಳುತ್ತೇನೆ. ಬಿಸಿಲೇರಿದರೆ ನೆಲದಿಂದ ಕಾವು ಏಳುತ್ತದೆ, ಹಲಗೆಯ ಗೆರೆಗಳು ನೀರಿನಲ್ಲಿ ಬಿದ್ದಂತೆ ತೇಲುತ್ತವೆ ಎನ್ನುತ್ತಾರೆ. ಎಂಟು ಗಂಟೆಯೊಳಗೆ ಎಣಿಕೆ ಮುಗಿಯಬೇಕು. ಆಮೇಲೆ ಬರುವವರಿಗೆ ಸ್ಕೋಪ್ ಆರಿಸಿಕೊಡುವ ಕೆಲಸ.

ಗಾಜಿನ ಜೊತೆ ಇವರ ಒಡನಾಟ ಹಳೆಯದು. ಅಪ್ಪನದು ಪೇಟೆಯ ಮೂಲೆಯಲ್ಲೊಂದು ಸಣ್ಣ ಕನ್ನಡಕದ ಅಂಗಡಿ. ಹದಿನೈದನೆಯ ವಯಸ್ಸಿಗೇ ಮಗಳು ಗಾಜು ಉಜ್ಜಲು ಕೂತರು. ಉಜ್ಜಿದ ಗಾಜನ್ನು ಬಾಗಿಲಿನ ಚೌಕಟ್ಟಿಗೆ ಹಿಡಿದು ಓರೆ ಮಾಡಿ ನೋಡಬೇಕು. ಚೌಕಟ್ಟಿನ ಗೆರೆ ಒಂಚೂರು ಬಾಗಿದರೂ ಅಪ್ಪ ಗಾಜನ್ನು ಮತ್ತೆ ಕಲ್ಲಿನ ಮೇಲಿಡುತ್ತಿದ್ದರಂತೆ. ಕತ್ತರಿಸಿ ಸಿದ್ಧವಾದ ಗಾಜು ಪಾರ್ಸೆಲ್ಲಿನಲ್ಲಿ ಬರತೊಡಗಿದ ಮೇಲೆ ಅಂಗಡಿಗೆ ಬೀಗ ಬಿತ್ತು. ಅದೇ ಸುಮಾರಿಗೆ, ಬಸ್ಸು ರಿಪೇರಿ ಮಾಡುತ್ತಿದ್ದ ಗಂಡನ ಬಲಗೈ ಜ್ಯಾಕಿನ ಕೆಳಗೆ ಸಿಕ್ಕಿ ನಜ್ಜುಗುಜ್ಜಾಯಿತು. ಮನೆ ನಡೆಯಬೇಕಿತ್ತು. ಸಿಕ್ಕಿದ್ದು ಈ ಮೈದಾನದಲ್ಲಿ ಕಾಗದ ಅಂಟಿಸುವ ಕೆಲಸ.

ಕಾಗದ ಅಂಟಿಸುವುದೆಂದರೆ ಹೀಗೆ: ಗುರಿಹಲಗೆಗಳ ಬುಡದಲ್ಲಿ ಆಳವಾದ ಕಂದಕ, ಎದುರಿಗೆ ದಪ್ಪ ಮಣ್ಣಿನ ಗೋಡೆ. ಗುಂಡು ನೆತ್ತಿಯ ಮೇಲೆ ಚಟಾರನೆ ಹಾದು ಹಲಗೆಗೆ ಬೀಳುತ್ತದೆ. ಕಂದಕದಲ್ಲಿದ್ದವರು ಹಲಗೆಯನ್ನು ಇಳಿಸಿ, ತೂತು ಎಲ್ಲಿದೆಯೆಂದು ಫೋನಿನಲ್ಲಿ ಅಂಕ ಹೇಳಿ, ಚೂರು ಕಾಗದ ಮೆತ್ತಿ ಮತ್ತೆ ಏರಿಸಬೇಕು. ದಿನಕ್ಕೆ ಮುನ್ನೂರು ಸಲ. ಹನ್ನೆರಡು ವರ್ಷ ಇವರು ಅಲ್ಲಿದ್ದರು. ಬೇಸಿಗೆಯಲ್ಲಿ ಕಂದಕ ಕುಲುಮೆಯಾಗುತ್ತಿತ್ತು, ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ಕಿವಿಗೆ ಹತ್ತಿ ತುರುಕಿಕೊಂಡೇ ಬುತ್ತಿ ಉಣ್ಣುತ್ತಿದ್ದರಂತೆ.

‘ಶೂಟರ್‌ಗಳ ಮುಖ ನೋಡಿರಲಿಲ್ಲ, ತೂತು ನೋಡಿದ್ದೆ ಅಷ್ಟೇ’ ಎನ್ನುತ್ತಾರೆ. ‘ಉಸಿರು ತಪ್ಪಿದ್ರೆ ತೂತು ಮೇಲೆ ಕೆಳಗೆ ಹೋಗುತ್ತೆ. ಗಾಳಿ ಅಂದಾಜು ತಪ್ಪಿದ್ರೆ ಎಡಕ್ಕೆ ಬಲಕ್ಕೆ. ಹೆದರಿದವರದ್ದು ಎಲ್ಲೆಂದರಲ್ಲಿ. ಯಾರೂ ಹೇಳಿಕೊಡಲಿಲ್ಲ, ಅಂಟಿಸ್ತಾ ಅಂಟಿಸ್ತಾ ಗೊತ್ತಾಯ್ತು.’

ಹಾಗೆ ಗೊತ್ತಾಗಿದ್ದು ಒಬ್ಬಳ ಬಾಳಿಗೇ ಒದಗಿ ಬಂತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿಯೊಬ್ಬಳು ರಜೆಯ ದಿನಗಳಲ್ಲೆಲ್ಲ ಇಲ್ಲಿ ಅಭ್ಯಾಸ ಮಾಡುತ್ತಿದ್ದಳು. ತಂಡದ ಆಯ್ಕೆಗೆ ಮೂರು ಸುತ್ತಿನ ಪರೀಕ್ಷೆ; ಮೊದಲ ಎರಡರಲ್ಲೂ ಅವಳದು ಒಂದೇ ಪಾಡು. ಆರುನೂರು ಮೀಟರಿನಲ್ಲಿ ಚೆನ್ನಾಗಿ ಹೊಡೆದು, ತಿರುಪು ಇಳಿಸಿಕೊಂಡು ಮುನ್ನೂರಕ್ಕೆ ಬಂದು, ಮತ್ತೆ ಅಷ್ಟೇ ಏರಿಸಿಕೊಂಡು ಆರುನೂರಕ್ಕೆ ಹೋದಾಗ ಎಲ್ಲ ಕೆಡುತ್ತಿತ್ತು. ಕೊನೆಯ ಘಳಿಗೆಯಲ್ಲಿ ಹುಡುಗಿಯ ಧೈರ್ಯ ಸಾಲುವುದಿಲ್ಲ ಎಂದು ತರಬೇತುದಾರರು ತೀರ್ಮಾನಿಸಿಬಿಟ್ಟಿದ್ದರು. ಅವಳೂ ನಂಬಿದ್ದಳು. ರೈಫಲ್ ಬಿಟ್ಟುಬಿಡುತ್ತೇನೆ ಎಂದು ಅತ್ತಿದ್ದಳಂತೆ.

ಕಂದಕದಲ್ಲಿದ್ದವರಿಗೆ ಕಂಡಿದ್ದೇ ಬೇರೆ. ಹೆದರಿದವಳ ತೂತುಗಳು ಚದುರಬೇಕಿತ್ತು. ಇವಳವು ಊಟದ ತಟ್ಟೆಯಷ್ಟಗಲದೊಳಗೆ ಒತ್ತಾಗಿಯೇ ಇದ್ದವು. ಇಡೀ ಗುಂಪು ಮಾತ್ರ ಒಂದು ಗೇಣು ಕೆಳಗೆ ಸರಿದಿತ್ತು. ಎರಡನೆಯ ಪರೀಕ್ಷೆ ಮುಗಿದ ಸಂಜೆ ಕಾಗದ ಅಂಟಿಸುವಾಕೆ ಫೋನೆತ್ತಿದರು. ಅಂಕ ಬಿಟ್ಟು ಬೇರೇನನ್ನೂ ಆ ಫೋನಿನಲ್ಲಿ ಹೇಳುವಂತಿರಲಿಲ್ಲ.

‘ತಪ್ಪು ಹುಡುಗೀದಲ್ಲ ಸಾರ್, ದುರ್ಬೀನಿಂದು’ ಅಂದರು.

ತರಬೇತುದಾರರು ಮೊದಲು ಗದರಿದರು. ಆ ಸ್ಕೋಪು ಅವರೇ ಆರಿಸಿದ್ದು, ಮೈದಾನದಲ್ಲಿದ್ದ ಎಲ್ಲಕ್ಕಿಂತ ಹೆಚ್ಚು ಬೆಲೆಯದು. ಆದರೂ ಮನುಷ್ಯ ನ್ಯಾಯವಂತ. ಮರುದಿನ ತಾವೇ ಕಂದಕಕ್ಕಿಳಿದು ಬಂದು, ತೋರಿಸು ನೋಡೋಣ ಎಂದರು. ಇವರು ಸ್ಕೋಪನ್ನು ಬಂದೂಕು ರಿಪೇರಿಯ ಮೇಸ್ತ್ರಿಯ ಮೇಜಿಗೆ ಕೂರಿಸಿದ ಇಕ್ಕಳದಲ್ಲಿ ಬಿಗಿಸಿ, ನೂರು ಮೀಟರ್ ಆಚೆ ದರ್ಜಿಯ ಟೇಪೊಂದನ್ನು ನೇತುಹಾಕಿಸಿದರು. ಅರವತ್ತು ಕ್ಲಿಕ್ ಮೇಲೆ, ಅರವತ್ತು ಕೆಳಗೆ. ಕೂಡುಗೆರೆ ಹೊರಟಲ್ಲಿಗೆ ಬರಲಿಲ್ಲ. ಎರಡು ಬೆರಳಿನಷ್ಟು ತಪ್ಪಿ ಬಂದು ಕೂತಿತು. ನೂರಕ್ಕೆ ಎರಡು ಬೆರಳಾದರೆ ಆರುನೂರಕ್ಕೆ ಒಂದು ಗೇಣು. ತರಬೇತುದಾರರು ಮೂರು ಸಲ ತಾವೇ ತಿರುಗಿಸಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. ಒಳಗಿನ ಸ್ಪ್ರಿಂಗು ಸೋತಿತ್ತು.

ಮೂರನೆಯ ಪರೀಕ್ಷೆಗೆ ಹುಡುಗಿ ಹಳೆಯ, ಸಾದಾ ಸ್ಕೋಪ್ ಹಾಕಿಕೊಂಡು ಹೊಡೆದಳು, ತಂಡಕ್ಕೆ ಬಂದಳು. ಕಾಗದ ಅಂಟಿಸುವಾಕೆಗೆ ಈ ಕೋಣೆ, ಈ ಕಬ್ಬಿಣದ ದಿಮ್ಮಿ ಬಂತು. ಅದಾಗಿ ಒಂಬತ್ತು ವರ್ಷ.

ಎಂಟೂವರೆಗೆ ಗಿರಾಕಿಯೊಬ್ಬರು ಬರುತ್ತಾರೆ, ಕಟ್ಟಡದ ಗುತ್ತಿಗೆದಾರರು. ಸಾವಿರ ಮೀಟರಿನ ಸ್ಪರ್ಧೆಗೆ ಇಳಿಯುವ ಆಸೆ. ಗುರಿಯನ್ನು ಐವತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪೇ ಬೇಕೆಂದು ಪಟ್ಟು. ಕ್ಲಿಕ್ಕಮ್ಮ ಬೇಡ ಅನ್ನುವುದಿಲ್ಲ. ಹತ್ತು ಗಂಟೆಯವರೆಗೆ ಕೂರಿಸಿ, ಬಿಸಿಲು ಕಾದ ಮೇಲೆ ಅದನ್ನೇ ಕೊಟ್ಟು ಸಾವಿರ ಮೀಟರಿನ ಗುರಿ ನೋಡಲು ಹೇಳುತ್ತಾರೆ. ಗುರಿ ಕುದಿಯುವ ಪಾತ್ರೆಯ ತಳದಲ್ಲಿ ಕೆತ್ತಿದ ಅಕ್ಷರದಂತೆ ಕುಣಿಯುತ್ತದೆ. ಇಪ್ಪತ್ತೈದಕ್ಕೆ ಇಳಿಸಿದರೆ ಸಣ್ಣದಾಗುತ್ತದೆ, ಆದರೆ ನಿಲ್ಲುತ್ತದೆ. ಆಮೇಲೆ ತಲೆಯನ್ನು ಒಂಚೂರು ಅತ್ತಿತ್ತ ಆಡಿಸಿ ನೋಡಲು ಹೇಳುತ್ತಾರೆ: ತಲೆ ಆಡಿದರೂ ಕೂಡುಗೆರೆ ಗುರಿಯ ಮೇಲಿಂದ ಜಾರಬಾರದು. ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಜಾಗ ಇರಬೇಕು, ಇಲ್ಲದಿದ್ದರೆ ರೈಫಲ್ ಒದ್ದಾಗ ಹುಬ್ಬು ಸೀಳುತ್ತದೆ. ಗೆರೆ ತೆಳ್ಳಗಿರಬೇಕು, ಗುರಿಯ ನಡುಬೊಟ್ಟನ್ನೇ ನುಂಗುವಷ್ಟು ದಪ್ಪ ಬೇಡ. ಎಲ್ಲಕ್ಕಿಂತ ಮೊದಲು, ತಿರುಪು ಸುಳ್ಳು ಹೇಳಬಾರದು. ಗುತ್ತಿಗೆದಾರರು ಕೊನೆಗೆ ಮೂವತ್ತೆರಡು ಪಟ್ಟಿನದೊಂದನ್ನು ಹಿಡಿದು ಹೊರಡುತ್ತಾರೆ. ಮನೆಯಲ್ಲಿ ಹೆಂಡತಿಯ ಮಾತಿಗೂ ಹೀಗೆ ಒಪ್ಪಿದ್ದು ನೆನಪಿಲ್ಲ ಎಂದು ಗೊಣಗುತ್ತಾರೆ.

ಹೋದ ವರ್ಷ ಈ ಕೆಲಸವೇ ಕೈತಪ್ಪುವ ಹಾಗಾಗಿತ್ತು. ಬೆಳಗಿನ ಹಲಗೆಯ ಸುತ್ತ ಮಂಜು ಕಾಣತೊಡಗಿತು. ಮೊದಲು ಗಾಜು ಒರೆಸಿದರು, ಬೇರೆ ಸ್ಕೋಪ್ ಹಾಕಿದರು. ಮೂರನೆಯದರಲ್ಲೂ ಮಂಜೇ. ‘ಆಗ ಗೊತ್ತಾಯ್ತು, ಈ ಸಲ ಕೆಟ್ಟಿರೋದು ನನ್ನ ಗಾಜು ಅಂತ.’ ಬಲಗಣ್ಣಿಗೆ ಪೊರೆ ಬಂದಿತ್ತು. ಯಾರಿಂದಲೂ ಮುಚ್ಚಿಡಲಿಲ್ಲ. ಅಂದೇ ತರಬೇತುದಾರರಿಗೆ ಹೇಳಿ, ಎಡಗಣ್ಣಿನಲ್ಲಿ ಕೆಲಸ ಮುಂದುವರಿಸಿದರು. ಪ್ರತಿಯೊಂದನ್ನೂ ಎರಡೆರಡು ಸಲ.

ಆಪರೇಷನ್ನಿಗೆ ಮೊದಲು ಕಣ್ಣಿನ ಡಾಕ್ಟರ್ ಕೇಳಿದರಂತೆ, ಒಳಗೆ ಕೂರಿಸುವ ಮಸೂರ ಹತ್ತಿರದ್ದು ಕಾಣುವುದೋ, ದೂರದ್ದು ಕಾಣುವುದೋ ಎಂದು. ಕ್ಲಿಕ್ಕಮ್ಮ ತಿರುಗಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಮೂವರು ರೋಗಿಗಳು ಇಣುಕಿ ಹೋದರು. ಯಾವ ಕಾಲೇಜಿನಲ್ಲಿ ಓದಿದ್ದು ಎಂದು ಡಾಕ್ಟರ್ ಕೇಳಿದಾಗ ಇವರಿಗೆ ನಾಚಿಕೆ. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವರು.

‘ದೂರದ್ದೇ ಹಾಕಿ ಡಾಕ್ಟ್ರೇ’ ಅಂದರು. ‘ಹತ್ತಿರದ್ದು ನನ್ನ ಬೆರಳಿಗೇ ಗೊತ್ತಾಗುತ್ತೆ.’

ಕಣ್ಣು ವಾಸಿಯಾಯಿತು, ಆದರೆ ಮೈದಾನದ ಸಮಿತಿಯಲ್ಲಿ ಅನುಮಾನ ಹುಟ್ಟಿತು. ದೊಡ್ಡ ಸ್ಪರ್ಧಾಕೂಟಕ್ಕೆ ಆರು ಜನರ ತಂಡ ಹೊರಟಿತ್ತು, ಅದರಲ್ಲಿ ಅದೇ ನರ್ಸೂ ಇದ್ದರು. ಕೊಯ್ದ ಕಣ್ಣನ್ನು ನೆಚ್ಚಿಕೊಂಡು ಆರು ಸ್ಕೋಪುಗಳನ್ನು ಕಳಿಸುವುದು ಹೇಗೆ ಎಂದು ಒಬ್ಬರು ಕೇಳಿದರು. ಹೊರಗಿನಿಂದ ಪರೀಕ್ಷಕರೊಬ್ಬರನ್ನು ಯಂತ್ರದ ಸಮೇತ ಕರೆಸುವುದೆಂದಾಯಿತು. ನರ್ಸ್ ಮುನಿಸಿಕೊಂಡರು, ತಮ್ಮದನ್ನು ಯಂತ್ರಕ್ಕೆ ಕೊಡುವುದಿಲ್ಲ ಎಂದರು. ಅವರನ್ನು ಒಪ್ಪಿಸಿದ್ದು ಕ್ಲಿಕ್ಕಮ್ಮನೇ.

‘ಅನುಮಾನ ಪಟ್ಟಿದ್ದು ಸರಿನೇ’ ಎನ್ನುತ್ತಾರೆ. ‘ಪರೀಕ್ಷೆ ಮಾಡದೆ ನಾನೂ ಯಾವುದನ್ನೂ ನಂಬಲ್ಲ. ನನ್ನ ಕಣ್ಣಿಗೊಂದು ನ್ಯಾಯ, ದುರ್ಬೀನಿಗೊಂದು ನ್ಯಾಯ ಅಂದ್ರೆ ಹೇಗೆ?’

ಹೇಳುವುದು ಸುಲಭ. ಪರೀಕ್ಷಕರು ಇಲ್ಲಿದ್ದ ಎರಡು ದಿನ ಇವರಿಗೆ ಮನೆಯಲ್ಲಿ ಸರಿಯಾಗಿ ಊಟ ಸೇರಲಿಲ್ಲ ಎಂದು ಅವರ ಯಜಮಾನರು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಪರೀಕ್ಷಕರು ಯಂತ್ರ ಹೂಡಿ ಆರನ್ನೂ ನೋಡಿದರು. ಕ್ಲಿಕ್ಕಮ್ಮ ಬರೆದಿಟ್ಟಿದ್ದ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದರು. ಆರರಲ್ಲಿ ಒಂದರಲ್ಲೂ ಒಂದು ಕ್ಲಿಕ್ಕಿನ ವ್ಯತ್ಯಾಸವಿರಲಿಲ್ಲ. ತಂಡ ಹೊರಟಿತು, ಸಾವಿರ ಮೀಟರಿನಲ್ಲಿ ನರ್ಸ್ ಎರಡನೆಯವರಾಗಿ ಬಂದರು.

ಪರೀಕ್ಷಕರು ಮಾತ್ರ ಅಂದು ತಕ್ಷಣ ಹೊರಡಲಿಲ್ಲ. ಎಲ್ಲರೂ ಚೆದುರಿದ ಮೇಲೆ ಕಾರಿನಿಂದ ತಮ್ಮ ಸ್ವಂತ ಸ್ಕೋಪನ್ನು ತಂದು, ಇದನ್ನೊಮ್ಮೆ ನೋಡಿ ಎಂದರಂತೆ. ಹದಿನಾಲ್ಕು ವರ್ಷದಿಂದ ಜೊತೆಗಿದ್ದದ್ದು. ಅದನ್ನು ಅವರು ಎಂದೂ ಯಂತ್ರಕ್ಕೆ ಹಾಕಿರಲಿಲ್ಲ. ಕ್ಲಿಕ್ಕಮ್ಮ ದಿಮ್ಮಿಗೆ ಬಿಗಿದು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

‘ಅಷ್ಟು ದೊಡ್ಡವರು. ಆದ್ರೂ ಹೇಳ್ದೆ: ನಾಲ್ಕು ಕ್ಲಿಕ್ ಕಮ್ಮಿ ಬರುತ್ತೆ ಸಾರ್, ಇದನ್ನ ನಂಬಬೇಡಿ.’

ಆಮೇಲೆ ಏನಾಯಿತು ಎಂದು ಕೇಳುತ್ತೇನೆ. ಅವರು ನಾಳೆ ಬೆಳಗಿನ ಮೊದಲ ಸ್ಕೋಪನ್ನು ದಿಮ್ಮಿಗೆ ಕೂರಿಸಿ, ತಿರುಪು ಬಿಗಿಯುತ್ತಾರೆ.

‘ಯಂತ್ರಕ್ಕೆ ಹಾಕಿ ನೋಡಿದ್ರು. ನಾಲ್ಕೇ ಇತ್ತು’ ಎನ್ನುತ್ತಾರೆ. ‘ಮುಂದಿನ ತಿಂಗಳು ಮತ್ತೆ ಬರ್ತಾರಂತೆ. ಈ ಸಲ ಪರೀಕ್ಷೆ ಮಾಡೋಕಲ್ಲ, ನನ್ನ ಪಕ್ಕ ಕೂತು ಕಲಿಯೋಕೆ. ಇನ್ನೊಂದು ಸ್ಟೂಲ್ ಬೇಕು ಅಂತ ಆಫೀಸಿಗೆ ಬರೆದುಕೊಟ್ಟಿದ್ದೀನಿ.’