ಗಂಜಿ ಕುಡಿದ ಕೆಂಪು ನೂಲು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗವಿಲ್ಲದ ಮನೆ ಜಮಾಲಸಾಬನದೊಂದೇ. ಕೊಡೆ ಮತ್ತು ಕಂದೀಲು ದುರಸ್ತಿ ಅವನ ದಿನದ ಕೆಲಸ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬೇರೊಂದು ಕೆಲಸಕ್ಕೆ ಕೂಡುತ್ತಿದ್ದ: ಗಾಳದ ಕೋಲು ಕಟ್ಟುವುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೆಳಗಾವಿಯ ದಂಡಿನ ಪ್ರದೇಶದ ಒಂದು ಅಂಗಡಿ ಸೇರಿ, ಇಪ್ಪತ್ತೆರಡು ವರ್ಷ ಬಿಳಿ ಸಾಹೇಬರ ಕೋಲುಗಳನ್ನು ದುರಸ್ತಿ ಮಾಡಿ, ಅವರು ಹಡಗು ಹತ್ತಿದ ಮೇಲೆ ಊರಿಗೆ ಮರಳಿದವನು ಅವನು.

ಅವನು ಕಟ್ಟುತ್ತಿದ್ದ ಕೋಲಿಗೆ ಏಳು ತಂತಿಯ ಉಂಗುರಗಳು. ಬುಡದ ಚಕ್ರದಿಂದ ಹೊರಟ ದಾರ ಅವುಗಳೊಳಗಿಂದ ತುದಿ ಮುಟ್ಟಬೇಕು. ಉಂಗುರ ಕೂಡಿಸಲು ಮೊಳೆ ಹೊಡೆದರೆ ಬಿದಿರು ಸೀಳುತ್ತದೆ. ಹಾಗಾಗಿ ಉಂಗುರದ ಎರಡು ಪಾದಗಳ ಮೇಲೆ ರೇಷ್ಮೆ ನೂಲನ್ನು ಎಳೆಗೆ ಎಳೆ ತಾಗಿಸಿ ಸುತ್ತಬೇಕು. ನೂಲಿಗೆ ನೀರು ತಾಗದಂತೆ ಮೇಲೆ ವಾರ್ನಿಸು. ಅಗಸೆ ಎಣ್ಣೆಗೆ ರಾಳ ಹಾಕಿ ಅದನ್ನು ಅವನೇ ಕಾಯಿಸುತ್ತಿದ್ದ. ಹಚ್ಚುವ ದಿನ ಬಾಗಿಲು ಮುಚ್ಚಿ, ಎರೆಮಣ್ಣಿನ ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸುತ್ತಿದ್ದ. ಅಳಿಲ ಬಾಲದ ಕುಂಚದಿಂದ ಹಚ್ಚಿದ ಮೇಲೆ ಕೋಲನ್ನು ಎರಡು ಕವಲುಗಳ ಮೇಲಿಟ್ಟು, ವಾರ್ನಿಸು ಒಂದೇ ಮಗ್ಗುಲಿಗೆ ಇಳಿಯದಂತೆ ಎರಡು ತಾಸು ನಿಧಾನವಾಗಿ ತಿರುಗಿಸುತ್ತ ಕೂಡುತ್ತಿದ್ದ.

೧೯೫೩ರ ದೀಪಾವಳಿ ಕಳೆದ ವಾರ ಹೊಳೆಆಲೂರಿನಿಂದ ಗ್ಯಾನಪ್ಪ ಬಂದ. ರೈಲು ನಿಲ್ದಾಣದಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕಿ ಕೂಡುವುದೊಂದೇ ಈಗ ಅವನ ದಿನಚರಿ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಮೀನ ಕಡದದ್ದ ತಿಳಿಯಂಗಿಲ್ಲ ಜಮಾಲಸಾಬ. ಕೋಲ ತುದಿ ಬಗ್ಗೂದು ಕಾಣಂಗಿಲ್ಲ."

"ಕೈಯಾಗ ಹಿಡಕೊಂಡ್ರ ಗೊತ್ತಾಗತೈತೆಲ್ಲಾ?"

"ಕೈ ನಡಗತೈತಿ. ಮೀನ ಎಳೀತೋ, ನಾನ ನಡಗಿದೆನೋ, ಯಾರಿಗೆ ಕೇಳ್ಲಿ? ಕೆಂಪೊಂದ ಕಾಣತೈತಿ ನೋಡು. ಮೂವತ್ತ ವರ್ಷ ಸಿಗ್ನಲ್ ನೋಡೇನಿ, ಅದೊಂದ ಕಣ್ಣಾಗ ಉಳದೈತಿ."

"ಆತು, ಕೆಂಪ ನೂಲ ಸುತ್ತಿದರಾತು."

"ನಿನ್ನ ಕೆಂಪ ನಾ ಬಲ್ಲೆ! ಹ್ವಾದ ಸಲದ ಕೋಲಿಗೂ ಕೆಂಪಂತ ಹೇಳಿ ಕರೀ ಬೆಲ್ಲದ ಬಣ್ಣ ಕೊಟ್ಟಿ. ಸಂಕ್ರಾಂತಿ ದಾಟಿದ್ರ ಹೊಳಿ ಇಳೀತೈತಿ. ಅದರೊಳಗ ಖರೇ ಕೆಂಪ ಕೊಡು. ಇಲ್ಲಾಂದ್ರ ಈ ವರ್ಷಕ್ಕ ಗಾಳ ಬಿಟ್ಟೆ ಅಂತ ತಿಳಿ."

ಗ್ಯಾನಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ವಾರ್ನಿಸು ರೇಷ್ಮೆಯೊಳಗೆ ಇಳಿದರೆ ಬಣ್ಣ ಮುಳುಗಿ ಕಪ್ಪಾಗುತ್ತದೆ. ಬೆಳಗಾವಿಯ ಅಂಗಡಿಯಲ್ಲಿ ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಹಚ್ಚಿ ನೂಲಿನ ಬಾಯಿ ಮುಚ್ಚುತ್ತಿದ್ದರು. ಈಗ ಊರು ಸೇರಿದ್ದ ಮುಂಬೈ ರಾಜ್ಯದಲ್ಲಿ ಪಾನನಿಷೇಧ. ಸ್ಪಿರಿಟ್ಟಿಗೆ ಪರವಾನಿಗೆ ಬೇಕು. ಕೊಡೆ ದುರಸ್ತಿಯವನು ಅದನ್ನು ಕೇಳುವ ಧೈರ್ಯವನ್ನೂ ಮಾಡಿರಲಿಲ್ಲ. ಉಳಿದ ಗಿರಾಕಿಗಳು ಕಂದು ಬಣ್ಣವನ್ನೇ ಚೆಂದವೆಂದು ಒಪ್ಪಿಕೊಂಡಿದ್ದರು.

ಜಮಾಲಸಾಬ ಜಾಲಿಯ ಅಂಟು ಹಚ್ಚಿ ನೋಡಿದ. ಒಣಗಿದ ಮೇಲೆ ಬಿರುಕು ಬಿಟ್ಟಿತು. ಬಡಿಗರು ಮರ ಅಂಟಿಸುವ ಸರಸು ಹಚ್ಚಿದ. ಕೆಂಪು ಹಳದಿಗೆ ತಿರುಗಿತು. ವಾರ್ನಿಸಿನ ಕಾವಿನಲ್ಲೇ ದೋಷವಿರಬಹುದೆಂದು ಹೊಸದಾಗಿ ಕಾಯಿಸಿ, ಬೆರಳು ದಪ್ಪದ ಬಿದಿರಿನ ತುಂಡಿಗೆ ಐದು ಕಡೆ ಬೇರೆ ಬೇರೆಯಾಗಿ ನೂಲಿನ ಸುತ್ತು ಹಾಕಿ ಹಚ್ಚಿಟ್ಟ. ಮರುದಿನ ನೋಡಿದರೆ ನಾಲ್ಕು ಸುತ್ತು ಕಾಚಿನ ಬಣ್ಣಕ್ಕೆ ಇಳಿದಿದ್ದವು. ನಡುವಿನದೊಂದು ಕುಂಕುಮದಂತೆ ಕೆಂಪಗೇ ಇತ್ತು. ಅದಕ್ಕೆ ಹಚ್ಚುವುದನ್ನೇ ಮರೆತೆನೇನೋ ಎಂದು ಉಗುರಿನಿಂದ ಕೆರೆದ. ಇಲ್ಲ, ವಾರ್ನಿಸು ಗಟ್ಟಿಯಾಗಿ ಕೂತಿತ್ತು.

ನೂಲು ಕೊಟ್ಟವಳು ಎದುರು ಮನೆಯ ಫಕೀರವ್ವ. ಗಂಡ ಸೀರೆ ನೇಯುತ್ತಿದ್ದ. ಅವಳು ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಜಮಾಲಸಾಬ ತುಂಡನ್ನು ಹಿಡಿದು ಅವಳ ಹೊಸ್ತಿಲಿಗೆ ಹೋದ.

"ಫಕೀರವ್ವಾ, ಬಣ್ಣಗಾರ ಎರಡ ಥರದ ನೂಲ ಕೊಟ್ಟಾನೇನ?"

"ಆ ಮೀನಿನ ಬಡಿಗಿ ಹೊರಗ ಹಿಡಿ ಅಣ್ಣಾ, ಮಗ್ಗಕ್ಕ ತಾಗೀತು."

"ಇದಿನ್ನಾ ಮೀನಿನ ಮಾರಿ ನೋಡಿಲ್ಲವಾ. ನಿನಗಿಂತ ಮಡಿಲೆ ಐತಿ."

ಅವಳು ನಕ್ಕು ರಾಟೆ ನಿಲ್ಲಿಸಿ, ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ನಗು ನಿಂತಿತು.

"ಇದ ಗಂಜಿ ಕುಡದೈತಿ."

"ಗಂಜಿ ಹಚ್ಚಬ್ಯಾಡ ಅಂತ ಹೇಳಿದ್ನೆಲ್ಲಾ! ಬಿರುಸಾದ್ರ ನೂಲ ಕೂಡಂಗಿಲ್ಲ."

"ಹೇಳಿದ್ದಿ. ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚೂ ದಿನ ನಿನ್ನ ನೂಲಿನ ಒಂದ ಲಡಿನೂ ಬಾಜೂಕ ಇತ್ತು. ರೂಢಿ ನೋಡು, ಕೈ ತಾನ ಹೋತು. ಹಿಂಡಿ ಒಣಗಿಸಿ ಉಳಿದದ್ದರ ಸಂಗಾಟ ಇಟ್ಟೆ. ಬೈತಿ ಅಂತ ಸುಮ್ಮನಾದೆ."

"ಬೈಯೂದೇನ ಬಂತು? ಇನ್ನೊಂದ ಲಡಿ ಹಂಗ ಕೆಡಸಿ ಕೊಡು."

ಗಂಜಿ ನೂಲಿನ ಹೊಟ್ಟೆ ತುಂಬಿ ಎಣ್ಣೆಗೆ ಜಾಗ ಉಳಿಸಿರಲಿಲ್ಲ. ಆದರೆ ಫಕೀರವ್ವನಿಗೆ ಇನ್ನೊಂದು ಸಂಶಯ. "ನೀರು ತಾಗಿದ್ರ ಗಂಜಿ ಬಿಡತೈತಿ ಅಣ್ಣಾ. ಹೊಸಾ ಸೀರಿ ಒಗದಾಗ ನೀರ ಬೆಳ್ಳಗ ಆಗೂದಿಲ್ಲೇನ? ಹೊಳ್ಯಾಗ ಇಳಿಯೂ ಕೋಲದು."

ಅದೂ ನಿಜ. ಜಮಾಲಸಾಬ ಗಂಜಿಯ ನೂಲಿನಿಂದಲೇ ಆರು ಸುತ್ತು ಹಾಕಿ, ವಾರ್ನಿಸು ಹಚ್ಚಿ ಒಣಗಿಸಿದ ತುಂಡನ್ನು ನೀರಿನ ಬಾನಿಯಲ್ಲಿ ಮುಳುಗಿಸಿಟ್ಟ. ದಿನಕ್ಕೆ ಎರಡು ಸಲ ತೆಗೆದು ನೋಡುವನು. ನಾಲ್ಕನೆಯ ದಿನ ಒಂದು ಸುತ್ತಿನ ಅಂಚು ಬೆಳ್ಳಗಾಗಿ ಉಬ್ಬಿತು. ಉಳಿದ ಐದು ಎಂಟು ದಿನವಾದರೂ ಅಲುಗಲಿಲ್ಲ. ಉಬ್ಬಿದ್ದು ಯಾಕೆಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಅಲ್ಲಿ ಕುಂಚ ನೂಲು ಮುಗಿದಲ್ಲಿಗೇ ನಿಂತಿತ್ತು. ಉಳಿದವುಗಳಲ್ಲಿ ವಾರ್ನಿಸು ನೂಲು ದಾಟಿ ಒಂದು ಅಕ್ಕಿಕಾಳಿನಷ್ಟು ಬಿದಿರಿನ ಮೇಲೂ ಹರಿದಿತ್ತು.

ಕೋಲಿನ ಕೆಲಸ ಅಲ್ಲಿಂದ ನೇರವಾಗಿ ಸಾಗಿತು. ಫಕೀರವ್ವ ಗಂಜಿಯನ್ನು ತೆಳ್ಳಗೆ ಮಾಡಿಕೊಟ್ಟಳು. ನೂಲು ಪೂರ್ತಿ ಬಿರುಸಾಗುವ ಮೊದಲೇ ಅವನು ಸುತ್ತಿದ. ಪ್ರತಿ ಸುತ್ತಿನ ಎರಡೂ ಅಂಚು ದಾಟಿಸಿ ನಾಲ್ಕು ಕೈ ವಾರ್ನಿಸು ಹಚ್ಚಿದ. ಒಂದೊಂದು ಕೈ ಒಣಗಲು ಮೂರು ದಿನ ಬಿಟ್ಟ. ದೂರದಿಂದ ಕಾಣಲೆಂದು ತುದಿಯ ಉಂಗುರದ ಬಳಿ ಮಾತ್ರ ನೂಲನ್ನು ನಾಲ್ಕು ಬೆರಳು ಅಗಲ ಸುತ್ತಿದ್ದ.

ಸಂಕ್ರಾಂತಿಗೆ ಐದು ದಿನವಿದ್ದಾಗ ಬಸ್ಸಿನಲ್ಲಿ ರೋಣಕ್ಕೆ, ಅಲ್ಲಿಂದ ಹೊಳೆಆಲೂರಿಗೆ ಹೋದ. ಗ್ಯಾನಪ್ಪ ಕೋಲನ್ನು ಕೈಯಿಂದ ಸವರಿ ನೋಡಿ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಹೊಳೆಗೆ ಹೋದರು. ಎರೆಹುಳು ಚುಚ್ಚಿದ ಗಾಳ ನೀರಿಗೆ ಬಿತ್ತು. ಕೋಲು ಕವಲಿನ ಮೇಲೆ ಕೂತಿತು. ಗ್ಯಾನಪ್ಪ ಒಂದು ಮಾರು ದೂರ ಕಲ್ಲಿನ ಮೇಲೆ ಕೂತ. ಜಮಾಲಸಾಬ ಮೊಣಕಾಲುದ್ದ ನೀರಿಗಿಳಿದು ದಾರವನ್ನು ಮೆಲ್ಲಗೆ ಜಗ್ಗಿದ.

"ಈಗ?"

"ಎಳದಿ."

"ಈಗ?"

"ಬಿಟ್ಟಿ. ಸಾಲಿ ಹುಡುಗಗ ಕೇಳಿದಂಗ ಕೇಳಬ್ಯಾಡೋ, ಕಾಣತೈತಿ."

ಜಮಾಲಸಾಬ ದಾರ ಬಿಟ್ಟು ದಂಡೆಗೆ ಬಂದು, ಪಂಚೆಯ ಅಂಚು ಹಿಂಡತೊಡಗಿದ.

"ಮತ್ತ ಎಳದಿ ನೋಡು," ಎಂದ ಗ್ಯಾನಪ್ಪ.

"ನಾ ಇಲ್ಲೇ ನಿನ್ನ ಹಿಂದ ನಿಂತೇನಲ್ಲೋ."

ಗ್ಯಾನಪ್ಪ ಕಲ್ಲಿನಿಂದ ಎದ್ದ ರಭಸಕ್ಕೆ ಅವನ ತಲೆಯ ರುಮಾಲು ನೀರಿಗೆ ಬಿತ್ತು. ಜಮಾಲಸಾಬ ಅದನ್ನು ಹಿಡಿಯಲು ಮತ್ತೆ ಹೊಳೆಗಿಳಿದ. ಗ್ಯಾನಪ್ಪ ಜಗ್ಗಿದ ಗೇಣುದ್ದದ ಬಿಳಿ ಮೀನು ದಂಡೆಗೆ ಬಿದ್ದಾಗ ಜಮಾಲಸಾಬ ಸೊಂಟದ ತನಕ ನೀರಿನಲ್ಲಿದ್ದ.