ಕೊನೆಯ ಸಾಲಿಗೆ ಹಿಡಿಯದ ಟಾರ್ಚು

ಬಾಳೆಹಣ್ಣು, ಬೆಲ್ಲ ಸೇರಿದ ಹಿಟ್ಟು ತುಪ್ಪದಲ್ಲಿ ಬೇಯುವ ವಾಸನೆಗೆ ಯಾರಿಗಾದರೂ ಅಮ್ಮನೋ ಅಜ್ಜಿಯೋ ನೆನಪಾಗಬೇಕು. ನನಗೆ ಮಾತ್ರ ಒಬ್ಬರು ಡಚ್ ಹಿರಿಯರ ಶೆಡ್ಡು ನೆನಪಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಡಚ್ಚರ ನಾಡಿನ ಊರಾದ ಜೂಟರ್‌ಮೀರಿನ ನಮ್ಮ ಅಡುಗೆಮನೆಯಲ್ಲಿ ಗುಳಿಯಪ್ಪಕ್ಕೆಂದು ಒಲೆಯ ಮೇಲಿಟ್ಟಿದ್ದ ಕಾವಲಿ ಅಸಲಿಗೆ ಗುಳಿಯಪ್ಪದ್ದಲ್ಲ. ಇಲ್ಲಿಯವರು ಪೊಫರ್ಚೆಸ್ ಎಂಬ ಪುಟಾಣಿ ದೋಸೆ ಹುಯ್ಯುವ ಗುಳಿಗಳ ಕಬ್ಬಿಣದ ಕಾವಲಿ ಅದು. ಆ ಹಿರಿಯರ ಮನೆಯಿಂದಲೇ ಬಂದದ್ದು. ನಾನು ಗುಳಿಗಳಿಗೆ ತುಪ್ಪ ಬಿಡುತ್ತಿದ್ದಾಗ ಮಗಳು ಶಾಲೆಯ ಟ್ರಿಪ್ಪಿನ ವಿಷಯ ಏನೋ ಕೇಳಿದಳು. ಉತ್ತರ ಕೊಟ್ಟು ತಿರುಗಿದರೆ, ಯಾವ ಗುಳಿಗೆ ಬಿಟ್ಟೆ, ಯಾವುದಕ್ಕೆ ಬಿಡಲಿಲ್ಲ ಎಂಬುದೇ ಮರೆತುಹೋಗಿತ್ತು... ಚಮಚ ಹಿಡಿದ ಕೈ ಅಲ್ಲೇ ನಿಂತಿತು.

ಆ ಹಿರಿಯರು ನಮ್ಮ ಪಕ್ಕದ ಮನೆಯಲ್ಲಿದ್ದವರು. ಪಕ್ಕದ ಮನೆಯ ಗಂಡಸನ್ನು ಇಲ್ಲಿ ಬ್ಯೂರ್‌ಮನ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ದೂರದ ಮಾಸ್ಟ್ರಿಕ್ಟ್‌ನಲ್ಲಿದ್ದಳು. ಶನಿವಾರ ಶನಿವಾರ ಶೂಟಿಂಗ್ ಕ್ಲಬ್ಬಿಗೆ ಹೋಗಿ ಪಿಸ್ತೂಲಿನಿಂದ ಕಾಗದದ ಗುರಿಗೆ ಗುಂಡು ಹೊಡೆಯುವುದು ಅವರ ಹವ್ಯಾಸವಾಗಿತ್ತು. ಅದಕ್ಕೆ ಬೇಕಾದ ತೋಟಾಗಳನ್ನೂ ಹಿತ್ತಿಲಿನ ಶೆಡ್ಡಿನಲ್ಲಿ ತಾವೇ ತುಂಬಿಕೊಳ್ಳುತ್ತಿದ್ದರು. ಮೊದಲ ಸಲ ಇದನ್ನು ಕೇಳಿದಾಗ ನನಗೆ ಎದೆ ಧಸಕ್ಕೆಂದಿತ್ತು. ಪೊಲೀಸರ ಪರವಾನಗಿ ಇದೆ, ಕಬ್ಬಿಣದ ಪೆಟ್ಟಿಗೆ ಇದೆ, ಪೊಲೀಸರೇ ಬಂದು ನೋಡಿಕೊಂಡು ಹೋಗುತ್ತಾರೆ ಎಂದು ತಿಳಿದ ಮೇಲೆ ಸಮಾಧಾನವಾಯಿತು. "ಮದ್ದಿನಂಗಡಿ ಬಿಟ್ಟರೂ ಮದ್ದು ಬಿಡ್ಲಿಲ್ಲ ನೋಡು ಇವರು," ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಒಮ್ಮೆ ಅವರೇ ಕರೆದು ಆ ಕೆಲಸ ತೋರಿಸಿದ್ದರು. ತೂತುಗಳಿರುವ ಮರದ ಹಲಗೆಯಲ್ಲಿ ಹಿತ್ತಾಳೆಯ ಪುಟ್ಟ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಅಳೆದು ಮದ್ದು ಸುರಿಯಬೇಕು. ಆಮೇಲೆ ಸಣ್ಣ ಟಾರ್ಚು ಹಿಡಿದು ಸಾಲು ಸಾಲಾಗಿ ಒಳಗೆ ಬಗ್ಗಿ ನೋಡಬೇಕು, ನೋಡಿದ ಸಾಲಿನ ಬಾಯಿಗೆ ಗುಂಡು ಕೂರಿಸಬೇಕು. ಮದ್ದು ಎರಡು ಸಲ ಬಿದ್ದರೆ ಪಿಸ್ತೂಲೇ ಒಡೆದೀತು. ಬೀಳದೇ ಹೋದರೆ ಇನ್ನೂ ಮೋಸ: ಕೊಳವೆಯ ಬುಡದಲ್ಲಿರುವ ಕಿಡಿ ಹೊತ್ತಿಸುವ ಬಿಲ್ಲೆಯ ಬಲಕ್ಕೇ ಗುಂಡು ಪಿಸ್ತೂಲಿನ ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಮತ್ತೊಂದು ಹೊಡೆದರೆ ನಳಿಗೆ ಸಿಡಿದು ಹೊಡೆದವರ ಕೈ, ಪಕ್ಕದಲ್ಲಿ ನಿಂತವರ ಮುಖ...

ಅದಕ್ಕೇ ಅವರು ಕೆಲಸಕ್ಕೆ ಕೂತಾಗ ರೇಡಿಯೋ ಇಲ್ಲ, ಫೋನ್ ಇಲ್ಲ. ಶೆಡ್ಡಿನ ಬಾಗಿಲ ಹಿಡಿಕೆಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಎಲ್ಲ ಕೊಳವೆಗಳ ಮದ್ದನ್ನೂ ವಾಪಸು ಡಬ್ಬಿಗೆ ಸುರಿದು ಮೊದಲಿನಿಂದ ಶುರು ಮಾಡುವುದು ಅವರ ನಿಯಮ. ನಾನು ಅದನ್ನೂ ಕಣ್ಣಾರೆ ಕಂಡಿದ್ದೆ. ಒಂದು ಸಲ ಕೊತ್ತಂಬರಿ ಸೊಪ್ಪು ಕೇಳಲು ಹೋಗಿ ಕರೆದಾಗ, ಸಿಟ್ಟಿಲ್ಲದೆ ಎದ್ದು ಸೊಪ್ಪು ಕಿತ್ತುಕೊಟ್ಟು, ಇಡೀ ಹಲಗೆಯನ್ನು ಖಾಲಿ ಮಾಡಿದ್ದರು. ನನಗೆ ನಾಚಿಕೆಯಾಗಿ ಮೈ ಹಿಡಿಯಾಗಿತ್ತು.

ನಾಚಿಕೆಯಾದರೂ ಬುದ್ಧಿ ಬರಲಿಲ್ಲ. ಅಷ್ಟಮಿಯ ದಿನ ಗುಳಿಯಪ್ಪ ಮಾಡಿದ್ದೆ. ನಮ್ಮಲ್ಲಿ ಹಬ್ಬದ ತಿಂಡಿ ಬಿಸಿಯಿರುವಾಗಲೇ ಪಕ್ಕದ ಮನೆಗೆ ಹೋಗಬೇಕು. ಹಿಡಿಕೆಯಲ್ಲಿ ಕೆಂಪು ಬಟ್ಟೆ ಇತ್ತು. ಆದರೆ ಬಾಗಿಲ ತನಕ ಹೋಗಿ ಮಾತಾಡಿಸದೆ ಬರುವುದು ನನ್ನ ಜಾಯಮಾನದಲ್ಲೇ ಇಲ್ಲ; ಆ ಬಟ್ಟೆ ಬೇರೆಯವರಿಗೆ, ತಿಂಡಿ ತಂದವರಿಗಲ್ಲ ಎಂದು ನನ್ನ ಲೆಕ್ಕ. ತಟ್ಟೆ ಹಿಡಿದುಕೊಂಡು ಒಳಗೆ ಹೋಗಿಯೇಬಿಟ್ಟೆ. ಕೃಷ್ಣ ಯಾರು, ಅವನಿಗೆ ಬೆಣ್ಣೆ ಯಾಕಿಷ್ಟ ಎಂದೆಲ್ಲ ನನ್ನ ಹರಕು ಡಚ್ಚಿನಲ್ಲಿ ಶುರುಹಚ್ಚಿಕೊಂಡೆ. ಪಾಪ, ಹಬ್ಬದ ದಿನ ಅಂತಲೋ ಏನೋ ತಮ್ಮ ನಿಯಮ ಬದಿಗಿಟ್ಟು, ಸೌಜನ್ಯಕ್ಕೆ ತಲೆಯಾಡಿಸುತ್ತಾ ಕೇಳಿದರು, ಕೈ ಮಾತ್ರ ಗುಂಡು ಕೂರಿಸುತ್ತಲೇ ಇತ್ತು. ಒಂದು ಅಪ್ಪ ಬಾಯಿಗೆ ಹಾಕಿಕೊಂಡು, ಇದು ಇಂಡಿಯಾ ನೋಡಿಬಂದ ಪೊಫರ್ಚೆಸ್ ಎಂದು ನಕ್ಕರು. ಆಮೇಲೆ ಹಲಗೆಯ ಕಡೆ ತಿರುಗಿದವರು ಹಾಗೇ ನಿಂತರು. ಎಲ್ಲದರ ಬಾಯಿಗೂ ಗುಂಡು ಕೂತಿತ್ತು, ಇನ್ನು ಒಳಗೆ ಕಾಣುವಂತಿರಲಿಲ್ಲ.

"ಕೊನೆಯ ಸಾಲಿಗೆ ಟಾರ್ಚು ಹಿಡಿದೆನಾ ನಾನು?" ಎಂದು ಕೇಳಿದರು. ತಮ್ಮನ್ನೇ ಕೇಳಿಕೊಂಡರೋ ನನ್ನನ್ನೋ, ಈಗಲೂ ತಿಳಿಯದು.

ನನ್ನಿಂದಾಗಿ ಕೂರಿಸಿದ ಗುಂಡುಗಳನ್ನೆಲ್ಲ ಕಿತ್ತು ಮತ್ತೊಮ್ಮೆ ಮದ್ದು ಸುರಿಯುತ್ತಾರಲ್ಲ ಎಂದು ಜೀವ ಹಿಂಡಿತು. "ಹಿಡಿದಿರಿ ಬ್ಯೂರ್‌ಮನ್, ನಾನೇ ನೋಡಿದೆ," ಎಂದುಬಿಟ್ಟೆ.

ನಾನು ನೋಡಿರಲಿಲ್ಲ. ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರನ್ನು ಪರೀಕ್ಷಿಸಿ ಸರಿಯಿದೆ ಎನ್ನುವುದೇ ನನ್ನ ಕೆಲಸ. ಅಲ್ಲಿ ನೋಡದೆ ಒಂದಕ್ಕೂ ಸೈ ಅಂದವಳಲ್ಲ. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಹಲಗೆಯನ್ನು ಹಾಗೇ ಬಿಟ್ಟರು.

ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಒಂದು ತೋಟಾ ಢಂ ಎನ್ನಲಿಲ್ಲ, ಟಪ್ ಎಂದಿತು. ತಕ್ಷಣ ಕೈ ಎತ್ತಿ ನಿಲ್ಲಿಸಿದರಂತೆ. ನಳಿಗೆಯ ನಡುವೆ ಗುಂಡು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ನಿಂತಿದ್ದಳಂತೆ. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಬೇಲಿಯ ಆಚೆ ನಿಂತು ಅವರು ಇದನ್ನೆಲ್ಲ ಹೇಳಿದಾಗ ನಾನು ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅವರ ಮಾತು ಮುಗಿದಿರಲಿಲ್ಲ.

"ನೋಡಲು ಮರೆತಿದ್ದರೆ ಚಿಂತೆಯಿರಲಿಲ್ಲ, ಯಾರಾದರೂ ಮರೆಯುತ್ತಾರೆ. ಆದರೆ ನಾನು ನೋಡಿದ್ದೇನೆ, ನೀವೇ ಕಂಡಿದ್ದೀರಿ. ನೋಡಿಯೂ ಖಾಲಿ ಕೊಳವೆ ನನಗೆ ಕಾಣಿಸಿಲ್ಲ. ಅದು ಬೇರೆ ತರಹದ ಕಾಯಿಲೆ, ಬ್ಯೂರ್‌ವ್ರಾವ್." ಪಕ್ಕದ ಮನೆಯ ಹೆಂಗಸನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಎಂತ ಮಾರಾಯ್ತಿ, ಯಾರಿಗೂ ಎಂತದ್ದೂ ಆಗ್ಲಿಲ್ಲಲ್ಲ. ಈಗ ಹೇಳಿದ್ರೆ ಅವರಿಗೇ ಬೇಜಾರು, ಬಿಡು," ಎಂದರು. ನನಗೂ ಅದೇ ಬೇಕಿತ್ತು, ಬಿಟ್ಟೆ.

ಅವರು ಮಾತ್ರ ಬಿಡಲಿಲ್ಲ. ಆ ಹಲಗೆಯ ಉಳಿದ ತೋಟಾಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಪಿಸ್ತೂಲು ಮಾರಿದರು, ಪರವಾನಗಿಯನ್ನು ಪೊಲೀಸರಿಗೆ ಹಿಂದಿರುಗಿಸಿದರು. ಚಳಿಗಾಲ ಬರುವಷ್ಟರಲ್ಲಿ ಕಾರು ಓಡಿಸುವುದನ್ನೂ ನಿಲ್ಲಿಸಿದರು. ಹಿಂದಿನ ಬಾಗಿಲು ಹಾಕಿದೆನಾ, ಒಲೆ ಆರಿಸಿದೆನಾ ಎಂದು ಬೇಲಿಯ ಆಚೆಯಿಂದ ನನ್ನನ್ನೇ ಕೇಳತೊಡಗಿದರು. ಯಾಕೆಂದರೆ ಆ ದಿನ ನೋಡಿದವಳು ನಾನು! ವಯಸ್ಸಿಗೆ ಬರುವ ಮರೆವು ನಿಜವಾಗಿಯೂ ಬರುತ್ತಿತ್ತೋ ಏನೋ, ನಾನೇನು ವೈದ್ಯಳಲ್ಲ. ಆದರೆ ನಿಮ್ಮ ಕಣ್ಣು ಸರಿಯಿದೆ, ಬುದ್ಧಿಯೂ ಸರಿಯಿದೆ, ಸುಳ್ಳು ಹೇಳಿದ್ದು ನಾನು ಎಂದಿದ್ದರೆ ಆ ಮನುಷ್ಯ ಇನ್ನೊಂದಿಷ್ಟು ಕಾಲ ತಮ್ಮನ್ನು ತಾವು ನಂಬಿಕೊಂಡು ಬದುಕುತ್ತಿದ್ದರು.

ಮನೆ ಖಾಲಿ ಮಾಡಿ ಮಗಳ ಊರಿನ ವೃದ್ಧರ ಮನೆಗೆ ಹೊರಟಾಗ ಹೆಂಡತಿಯ ಕಾವಲಿಯನ್ನು ನನ್ನ ಕೈಗಿಟ್ಟರು. "ಇದರಲ್ಲಿ ನಿಮ್ಮ ಪೊಫರ್ಚೆಸ್ ಮಾಡಿ," ಎಂದರು. ನಾನು ಅತ್ತೆ. ಅಗಲುವ ದುಃಖಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಅವರೇ ನನ್ನನ್ನು ಸಮಾಧಾನ ಮಾಡಿದರು... ಹೋಗಿ ನೋಡಿಕೊಂಡು ಬರಬೇಕು, ಎದುರು ಕೂತು ಹೇಳಬೇಕು ಎಂದು ರಜೆ ಬಂದಾಗಲೆಲ್ಲ ಅಂದುಕೊಂಡೆ. ಕಳೆದ ವರ್ಷ ಅವರ ಮಗಳು ಕಳಿಸಿದ, ಅವರ ಸಾವಿನ ಸುದ್ದಿಯ ಕಾರ್ಡು ಅಂಚೆಪೆಟ್ಟಿಗೆಗೆ ಬಂತು.

"ನಾನು ನೋಡ್ದೆ ಅಮ್ಮಾ, ಎಲ್ಲದಕ್ಕೂ ತುಪ್ಪ ಹಾಕಿದ್ದಿ," ಎಂದಳು ಮಗಳು ಇವತ್ತು, ಫೋನಿನಿಂದ ಕಣ್ಣೆತ್ತದೆ.

"ನಿಜವಾಗಿ ನೋಡಿದ್ಯಾ?"

"ಐ ಥಿಂಕ್ ಸೋ... ಯಾಕೆ?"

ಒಲೆ ಆರಿಸಿದೆ. ಕಾವಲಿಯನ್ನು ಪೂರ್ತಿ ಒರೆಸಿ, ಮೊದಲ ಗುಳಿಯಿಂದ ಮತ್ತೆ ತುಪ್ಪ ಬಿಟ್ಟೆ. ಬಿಡುತ್ತಾ ಮಗಳಿಗೆ ಎಲ್ಲವನ್ನೂ ಹೇಳಿದೆ, ನಾನು ನೋಡಿರಲಿಲ್ಲ ಎನ್ನುವುದನ್ನೂ. ಅವಳು ಫೋನ್ ಕೆಳಗಿಟ್ಟಳು.

"ಅವರಿಗೆ ಗೊತ್ತಿತ್ತಾ ಅಮ್ಮಾ?"

"ಇಲ್ಲ," ಎಂದೆ. "ತಮ್ಮ ತಲೆಯೇ ಕೆಟ್ಟಿದೆ ಅಂದುಕೊಂಡು ಹೋದ್ರು."