ಹುನಗುಂದ ಪುಸ್ತಕದ ಮೇಲಿನ ಚೀಟಿ

1993ರಲ್ಲಿ, ಎಂಟನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಇಳಕಲ್ಲಿನ ನಮ್ಮ ಮನೆಯ ಮಗ್ಗದಲ್ಲಿ ಸೀರೆಯ ಮೈಗೆ ಸೆರಗು ಕೂಡಿಸುವ ಕೆಲಸ ಅವನ ಕೈಯಿಂದ ಆಗದಾಗಿತ್ತು. ನಮ್ಮ ಸೀರೆಯಲ್ಲಿ ಮೈಯ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಅಲ್ಲಿಯ ಒಂದು ಎಳೆಗೆ ಇಲ್ಲಿಯ ಒಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಒಂದು ಕೊಂಡಿ ತಪ್ಪಿದರೆ ಉಟ್ಟವಳಿಗೆ ಗೊತ್ತಾಗಲಿಕ್ಕಿಲ್ಲ, ಹಾಕಿದವನಿಗೆ ಗೊತ್ತಿರುತ್ತದೆ. ಹದಿನಾಲ್ಕನೇ ವಯಸ್ಸಿಗೆ ನಾನು ಒಂದೂ ತಪ್ಪದಂತೆ ಹಾಕುತ್ತಿದ್ದೆ. ಜಂಬಕ್ಕೆ ಹೇಳುತ್ತೀಯಾ ಎಂದರೆ ಹೌದು, ಜಂಬಕ್ಕೇ.

ಮುಂದೆ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಬೇರೆಯಾಯಿತು. ಸರ್ಕಾರಿ ವಕೀಲರ ಕಡತಗಳು ಲಾರಿಯಲ್ಲಿ ಬಾಗಲಕೋಟೆಗೆ ಬಂದವು. ಇಳಿಸಲು ಕರೆದ ಆಳುಗಳಲ್ಲಿ ನಾನೂ ಒಬ್ಬ. ದಾರಿಯಲ್ಲಿ ಬಿಚ್ಚಿಹೋಗಿದ್ದ ಕಟ್ಟುಗಳನ್ನು ಉಳಿದವರು ಹೇಗೋ ಸುತ್ತಿ ಒಗೆದರು. ನಾನು ಮೇಲಿನ ಹೆಸರು ಓದಿ, ಊರಿಗೆ ಊರು ಕೂಡಿಸಿ ಕಟ್ಟಿದೆ. ಆಗಿನ ದೊಡ್ಡ ವಕೀಲರು ನೋಡಿ, "ಈ ಗಂಟು ಯಾರು ಹಾಕಿದ್ದು?" ಎಂದು ಕೇಳಿದರು. ಅಂದಿನಿಂದ ಅಲ್ಲೇ ಇದ್ದೇನೆ. ಮೊದಲು ಜವಾನನಾಗಿದ್ದೆ, ಈಗ ದಾಖಲೆ ಕೋಣೆ ನನ್ನದು.

ಸರ್ಕಾರಿ ವಕೀಲರು ಬರುತ್ತಾರೆ, ಹೋಗುತ್ತಾರೆ. ಸರ್ಕಾರ ಬದಲಾದರೆ ಅವರೂ ಬದಲು. ಹೋದವರ ತಲೆಯಲ್ಲಿ ಇದ್ದದ್ದು ಅವರ ಜೊತೆಗೇ ಹೋಗುತ್ತದೆ. ಯಾವ ಊರಿನ ಯಾವ ದಾವೆಯಲ್ಲಿ ಸರ್ಕಾರ ಯಾವ ಮಾತಿನಿಂದ ಗೆದ್ದಿತ್ತು, ಯಾವ ಕಾಗದ ಇಲ್ಲದ್ದಕ್ಕೆ ಸೋತಿತ್ತು, ಇದನ್ನು ಬಂದ ಹೊಸಬರಿಗೆ ಹೇಳುವವರು ಯಾರಾದರೂ ಬೇಕಲ್ಲ. ಅದಕ್ಕೆ ನಾನು ತಾಲೂಕಿಗೊಂದು ಉದ್ದ ಪುಸ್ತಕ ಇಟ್ಟೆ. ಊರು, ಸರ್ವೆ ನಂಬರು, ಯಾರ ಮೇಲೆ ಯಾರು, ಏನಾಯಿತು. ಕೊನೆಯ ಖಾನೆ ನನ್ನ ಸ್ವಂತದ್ದು. ಅದರ ತಲೆಯ ಮೇಲೆ ಕೊಂಡಿ ಎಂದು ಬರೆದೆ. ಕಲಾದಗಿಯ ತೋಟದ ದಾರಿಯ ದಾವೆಯಲ್ಲಿ ಗೆದ್ದ ಮಾತು ಬೇವೂರಿನ ದಾರಿಯ ದಾವೆಗೂ ಬೇಕಾಗುತ್ತದೆ. ಹಾಗಾದರೆ ಇದರ ಖಾನೆಯಲ್ಲಿ ಅದು, ಅದರ ಖಾನೆಯಲ್ಲಿ ಇದು. ಕಡತಗಳಿಗೆ ಬಣ್ಣದ ದಾರ: ದಾರಿಗೆ ಹಳದಿ, ಕೆರೆಗೆ ನೀಲಿ, ಶಾಲೆಯ ಜಾಗಕ್ಕೆ ಹಸಿರು. ದಾರ ನಮ್ಮ ಮನೆಯದೇ, ಮಗ್ಗದಲ್ಲಿ ಉಳಿದ ರೇಷ್ಮೆ. ಕಾಯಿದೆ ಓದಿದವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಇಂಥಾದ್ದು ಹಿಂದ ಎಲ್ಲೆರ ಆಗಿತ್ತೇನ್ರಿ?" ಎಂದು ಕೇಳುವಾಗ ನನ್ನ ಎದೆ ಎರಡು ಬೆರಳು ಉಬ್ಬುತ್ತಿತ್ತು.

ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕೆಂದು ಆದೇಶ ಬಂತು. ಅದಕ್ಕಾಗಿ ಗುಳೇದಗುಡ್ಡದ ಕಡೆಯ ಒಬ್ಬ ಹುಡುಗಿಯನ್ನು ತಗೊಂಡರು. ಪದವಿ ಮುಗಿಸಿದವಳು, ಬೆರಳು ಭಾಳ ಚುರುಕು. ನನ್ನ ಪುಸ್ತಕಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲು ಟೈಪು ಹೊಡೆಯುತ್ತಿದ್ದಳು. ಮೊದಲ ದಿನವೇ ಕೇಳಿದಳು.

"ಕಾಕಾ, ಈ ಕೊನಿ ಖಾನೇಕ ಕಂಪ್ಯೂಟರಿನ್ಯಾಗ ಜಾಗಾ ಇಲ್ರಿ. ಏನ್ ಮಾಡ್ಲಿ?"

"ಇಲ್ಲಂದ್ರ ಬಿಡು," ಅಂದೆ. ಮಾತು ಅಷ್ಟೇ. ಕೈಯಲ್ಲಿದ್ದ ಪುಸ್ತಕವನ್ನು ಅವಳ ಮೇಜಿನ ಮೇಲೆ ಕುಕ್ಕಿದೆ.

ಹೀಗಿರುವಾಗ ಒಂದು ಬುಧವಾರ ನಮ್ಮ ಸಾಹೇಬರು, ಈಗಿನ ಸರ್ಕಾರಿ ವಕೀಲರು, ಕುರ್ಚಿಯ ಮೇಲೆ ಕೂಡುವ ಮೊದಲೇ ನನ್ನನ್ನು ಕರೆದರು. ಹಿಂದಿನ ದಿನ ಅವರು ಹುನಗುಂದ ಕೋರ್ಟಿಗೆ ಹೋಗಿ ಬಂದಿದ್ದರು. ಅಲ್ಲಿ ನಡೆದಿದ್ದ ದಾವೆ ಇಳಕಲ್ ಹತ್ತಿರದ ಒಂದು ಊರಿನ ಸರ್ಕಾರಿ ಶಾಲೆಯ ಜಾಗದ್ದು. ಹಿಂದೆ ಒಬ್ಬರು ಶಾಲೆಗೆ ಹೊಲ ದಾನ ಕೊಟ್ಟಿದ್ದರು. ಈಗ ಅವರ ಮೊಮ್ಮಗ, ನಮ್ಮಜ್ಜ ಕೊಟ್ಟೇ ಇಲ್ಲ ಎಂದು ಬಂದಿದ್ದ. ಇದೇ ತಕರಾರು ಹಳೆಯ ಕಾಲದಲ್ಲೊಮ್ಮೆ ಕೋರ್ಟಿಗೆ ಹೋಗಿ, ದಾನ ಖರೆ ಎಂದು ತೀರ್ಪು ಆಗಿತ್ತೆಂದು ಊರ ಹಿರಿಯರು ಹೇಳುತ್ತಿದ್ದರು. ಆ ತೀರ್ಪಿನ ನಕಲು ನಮ್ಮಲ್ಲಿ ಇರಬೇಕು.

"ಸೋಮವಾರ ಕಡೀ ಅವಕಾಶ ಕೊಟ್ಟಾರ," ಅಂದರು ಸಾಹೇಬರು. "ಆ ನಕಲು ಇಲ್ಲಂದ್ರ ನಮ್ಮ ಕಡೆ ಬರೇ ಮಾತು ಉಳೀತಾವ. ಎರಡನೇ ಶನಿವಾರ ರಜಾ ಐತಿ. ಶುಕ್ರವಾರ ಸಂಜಿ ಅನ್ನೂದ್ರಾಗ ತಂದು ಕೊಡ್ರಿ."

"ಕೋರ್ಟಿನಿಂದನ ನಕಲು ತಗಸಬಹುದಲ್ರಿ?"

"ದಾವೆ ನಂಬರ್ ಕೇಳ್ತಾರ. ನಂಬರ್ ಇದ್ರ ನಿಮ್ಮನ್ಯಾಕ ಕೇಳ್ತಿದ್ದೆ?"

ಬೆಂಚಿನ ಮೇಲೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಕೂತಿದ್ದರು; ಸಾಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುತ್ತೇವೆ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ತೊಡೆಯ ಮೇಲೆ ಶಾಲೆಯ ನಕ್ಷೆ ಹರಡಿಕೊಂಡು, ನನಗೆ ಬೆರಳಿಟ್ಟು ತೋರಿಸಿದರು. "ಅಡಗಿ ಕ್ವಾಣಿ, ಎರಡು ವರ್ಗ, ಹುಡುಗೂರು ಆಡೂ ಬೈಲು, ಎಲ್ಲಾ ಇದರಾಗ ಬರ್ತಾವ್ರಿ. ಇದು ಹ್ವಾದ್ರ ಸಾಲಿ ಅನ್ನೂದು ಒಂದ ಪಡಸಾಲಿ ಉಳೀತೈತಿ."

"ಸಿಗತೈತ್ರಿ ಬಾಯಾರ," ಅಂದೆ. "ನನ್ನ ಕ್ವಾಣ್ಯಾಗಿಂದ ಇನ್ನೂತನಕ ಏನೂ ಹೋಗಿಲ್ಲ."

ಮೊದಲು ಕಂಪ್ಯೂಟರ್. ಹುಡುಗಿ ಊರು ಹಾಕಿದಳು, ತಾಲೂಕು ಇಳಕಲ್ ಹಾಕಿದಳು, ಗುಂಡಿ ಒತ್ತಿದಳು.

"ಒಂದ ಬರಾಕತ್ತೈತ್ರಿ ಕಾಕಾ. ಅದೂ ಈಗಿನ ಕೇಸು."

ನಾಚಿಕೆ ಬಿಟ್ಟು ಬರೆಯುತ್ತೇನೆ, ಆ ಹೊತ್ತಿನಲ್ಲಿ ನನಗೆ ಖುಷಿಯಾಯಿತು. ಹೆಗಲ ಮೇಲಿನ ವಸ್ತ್ರ ಕೊಡವಿ ನನ್ನ ಇಳಕಲ್ ಪುಸ್ತಕ ತೆಗೆದೆ. ಆ ಊರಿನ ಪುಟದಲ್ಲೂ ಒಂದೇ ದಾವೆ, ಈಗಿನದೇ. ಇರಲಿ, ಇಳಕಲ್ ತಾಲೂಕಾಗುವ ಮೊದಲು ಆ ಊರು ಹುನಗುಂದಕ್ಕೆ ಸೇರಿತ್ತು ಎಂದು ಹುನಗುಂದ ಪುಸ್ತಕ ತೆಗೆದೆ. ಆ ಊರಿನ ಪುಟದ ಮೇಲೆ ಅಂಗೈ ಅಗಲದ ಚೀಟಿ, ನನ್ನದೇ ಅಕ್ಷರ: ಇಳಕಲ್ ಪುಸ್ತಕ ನೋಡಿ. ಆ ಇಳಕಲ್ ಪುಸ್ತಕದಿಂದಲೇ ಇಲ್ಲಿಗೆ ಬಂದಿದ್ದೆ. ಇಲ್ಲಿ ಚೀಟಿ ಬಿಟ್ಟರೆ ಏನೂ ಇಲ್ಲ.

ಗುರುವಾರ ಇಡೀ ದಿನ ಕಪಾಟಿನ ಕಟ್ಟುಗಳನ್ನೆಲ್ಲ ಇಳಿಸಿದೆ. ಕಡತಗಳಿಗೆ ಸುತ್ತುವ ಕೆಂಪು ಬಟ್ಟೆಗೆ ನಾವು ರುಮಾಲು ಎನ್ನುತ್ತೇವೆ. ಇಳಕಲ್ಲಿನವು, ಹುನಗುಂದದವು, ಒಂದೊಂದೇ ರುಮಾಲು ಬಿಚ್ಚಿ, ಹೆಸರು ಓದಿ, ಮತ್ತೆ ಕಟ್ಟಿದೆ. ಮೂಗಿನಲ್ಲಿ ಧೂಳು, ಬಾಯಲ್ಲಿ ಧೂಳು. ಬಾಯಾರು ಮೊದಲ ಬಸ್ಸಿಗೆ ಮತ್ತೆ ಬಂದಿದ್ದರು. ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬೆಂಚಿನ ಮೇಲೆ ಕೂತರು.

ಮಧ್ಯಾಹ್ನ ಸಾಹೇಬರು ಒಂದು ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟರು. ಒಂದೇ ಸಾಲು ಬರೆಸಿದ್ದರು. ಸದರಿ ಕಡತ ಲಭ್ಯವಿಲ್ಲ. ಕೆಳಗೆ ನನ್ನ ಸಹಿಗೆ ಜಾಗ.

"ನಾಳೆ ಸಂಜೀತನಕ ನೋಡ್ತೇನಿ. ಇಲ್ಲಂದ್ರ ಸಹಿ ಮಾಡ್ರಿ. ನಾನೂ ಕೋರ್ಟಿಗೆ ಏನಾರ ಹೇಳಬೇಕಲ್ಲ."

ಆ ಮೂರು ಶಬ್ದಗಳಿಗೆ ನಾನು ಎಂದೂ ಸಹಿ ಮಾಡಿರಲಿಲ್ಲ. ಮಾಡಿದರೆ ಬಾಯಾರ ಎರಡು ವರ್ಗ ಹೋಗುತ್ತವೆ, ನನ್ನ ಅಕ್ಷರದಿಂದಲೇ ಹೋಗುತ್ತವೆ. ಸಿಟ್ಟು ಯಾರ ಮೇಲೆ ತೆಗೆಯಬೇಕೋ ತಿಳಿಯದೆ ಹುಡುಗಿಯ ಮೇಲೆ ತೆಗೆದೆ.

"ನನ್ನ ಬುಕ್ಕು ಮೊದಲಿನಂಗ ಇದ್ದಾಗ ಎಲ್ಲಾ ಸಿಗತಿತ್ತು. ನೀ ಬಂದು ಅದನ್ನಿಲ್ಲಿ ಇದನ್ನಲ್ಲಿ ಮಾಡಿದಿ."

ಅವಳು ಕುರ್ಚಿ ತಿರುಗಿಸಿ ನೇರವಾಗಿ ನೋಡಿದಳು. "ಕಾಕಾ, ನಾ ನಿಮ್ಮ ಬುಕ್ಕಿನ್ಯಾಗ ಕಂಡದ್ದ ಹೊಡೆದೇನ್ರಿ. ಕಾಣಲಾರದ್ದು ಹೆಂಗ ಹೊಡೀಲಿ?"

ಊಟದ ಡಬ್ಬಿ ಹಾಗೆಯೇ ಮನೆಗೆ ಹೋಯಿತು.

ಶುಕ್ರವಾರ ಹೋದಾಗ ಅವಳು ನನಗಿಂತ ಮೊದಲೇ ಬಂದು ಹುನಗುಂದ ಪುಸ್ತಕ ತೆರೆದುಕೊಂಡು ಕೂತಿದ್ದಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದಳು.

"ಕಾಕಾ, ಈ ಚೀಟಿ ಕೆಳಗ ಏನೈತ್ರಿ? ಮಸಿ ಕಂಡಂಗ ಆಗ್ತೈತಿ."

"ಕೆಳಗ ಏನಿರ್ತೈತಿ. ಎಲ್ಲಾ ಇಳಕಲ್ ಬುಕ್ಕಿಗೆ ಇಳಿಸೇನಲ್ಲ," ಅಂದೆ. ಅನ್ನುತ್ತಿದ್ದಂತೆ ಅವಳ ಕೈಯಿಂದ ಪುಸ್ತಕ ಕಸಿದು ನಾನೂ ಬೆಳಕಿಗೆ ಹಿಡಿದೆ.

ಇಳಕಲ್ ತಾಲೂಕು ಆದಾಗ ನನಗಾದ ಖುಷಿ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ. ನಮ್ಮೂರು ತಾಲೂಕಾಯಿತೆಂದು ಕಚೇರಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದೆ. ಹೊಸ ಪುಸ್ತಕ ತಂದು, ತಲೆಬರಹ ಕೆಂಪು ಮಸಿಯಲ್ಲಿ ಬರೆದು, ನಮ್ಮ ಕಡೆಗೆ ಬಂದ ಊರುಗಳನ್ನೆಲ್ಲ ಅದರಲ್ಲಿ ಇಳಿಸಿದೆ. ನಡೆಯುತ್ತಿದ್ದ ದಾವೆಗಳನ್ನು ಮೊದಲು ಇಳಿಸಿದೆ. ಮುಗಿದವುಗಳನ್ನು ಆಮೇಲೆ ಇಳಿಸಿದರಾಯಿತು ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ಆದರೆ ಚೀಟಿ ಮಾತ್ರ ಅವತ್ತೇ ಅಂಟಿಸಿಬಿಟ್ಟಿದ್ದೆ. ನಮ್ಮ ಊರುಗಳು ಇನ್ನು ಹುನಗುಂದದವಲ್ಲ ಎಂಬುದನ್ನು ನೋಡಿದವರಿಗೆ ತಿಳಿಯಲಿ ಅಂತ. ಹಳೆಯ ಸಾಲುಗಳ ಮೇಲೆಯೇ, ಅಗಲವಾಗಿ.

ಅದೂ ಮಗ್ಗದ ನೂಲಿಗೆ ಹಾಕುವ ಗಂಜಿಯಿಂದ ಅಂಟಿಸಿದ್ದೆ. ಅದು ಸುಲಭಕ್ಕೆ ಬಿಡುವುದಿಲ್ಲ. ನೀರು ಹಚ್ಚಿದರೆ ಕೆಳಗಿನ ಮಸಿ ಕದಡುತ್ತದೆ, ಒಣಗಿದ್ದನ್ನು ಎಬ್ಬಿಸಿದರೆ ಹಾಳೆ ಹರಿಯುತ್ತದೆ. ಹುಡುಗಿ ಎದ್ದು ಹೋಗಿ ಬಿಸಿ ಚಹಾ ತುಂಬಿದ ಸ್ಟೀಲಿನ ಲೋಟ ತಂದಳು. ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ವಸ್ತ್ರವನ್ನು ಚೀಟಿಯ ಮೇಲೆ ಹಾಸಿ, ಅದರ ಮೇಲೆ ಲೋಟ ಇಟ್ಟೆ, ಎಣಿಸಿದೆ, ತೆಗೆದೆ. ಮೂಲೆ ಉಗುರಿಗೆ ಸಿಕ್ಕಿತು. ಮತ್ತೆ ಇಟ್ಟೆ. ಬಾಯಾರು ಬೆಂಚಿನಿಂದ ಎದ್ದು ಬಂದು ನನ್ನ ಹಿಂದೆ ನಿಂತದ್ದು ಅವರ ಉಸಿರಿನಿಂದ ಗೊತ್ತಾಯಿತು. ಒಂದು ಲೋಟ ತಣ್ಣಗಾಗಿ ಎರಡನೆಯದು ಬಂತು. ಅರ್ಧ ಚೀಟಿ ಎದ್ದಿತು, ಪೂರ್ತಿ ಎದ್ದಿತು.

ಕೆಳಗೆ ನಾಲ್ಕು ಸಾಲು ಇದ್ದವು. ಮೂರನೆಯದು ಶಾಲೆಯ ಜಾಗ. ದಾವೆ ನಂಬರಿನ ಕೊನೆಯ ಅಂಕಿ ಚೀಟಿಗೆ ಹತ್ತಿಕೊಂಡು ಎದ್ದುಬಂದಿತ್ತು. ಎಷ್ಟು ತಿರುವಿದರೂ ಮೂರೋ ಎಂಟೋ ತಿಳಿಯಲಿಲ್ಲ. ವರ್ಷದ ಮೇಲೆ ಮಸಿ ಹರಡಿತ್ತು. ಕೊನೆಯ ಖಾನೆ ಮಾತ್ರ ಸ್ವಚ್ಛ ಉಳಿದಿತ್ತು: ಬಾದಾಮಿ, ಎರಡನೇ ರುಮಾಲು, ಹಸಿರು.

ಅದನ್ನು ನೋಡಿದ ಮೇಲೆ ಎಲ್ಲ ನೆನಪಾಯಿತು. ಬಾದಾಮಿಯಲ್ಲಿ ಒಂದು ಶಾಲೆಯ ಜಾಗಕ್ಕೆ ಇಂಥದೇ ತಕರಾರು ಬಂದಿತ್ತು. ಆಧಾರಕ್ಕೆ ಬೇಕೆಂದು ಅಲ್ಲಿನ ಸರ್ಕಾರಿ ವಕೀಲರಿಗೆ ನಾನೇ ಈ ಕಡತ ಒಯ್ದು ಕೊಟ್ಟಿದ್ದೆ.

ಬಸ್ಸು ಬಾದಾಮಿ ಮುಟ್ಟುವಾಗ ಮೂರು ಗಂಟೆ ದಾಟಿತ್ತು. ಅಲ್ಲಿನ ಕೋಣೆಯ ಕೀಲಿ ಒಬ್ಬ ಗುಮಾಸ್ತನ ಹತ್ತಿರ ಇರುತ್ತದೆ. ನನ್ನ ವಯಸ್ಸಿನವನೇ, ಹಳೆಯ ಗೆಳೆಯ. ಕೋರ್ಟಿನಲ್ಲಿದ್ದಾನೆ ಎಂದರು. ನಾಲ್ಕೂ ಕಾಲಿನವರೆಗೆ ಬಾಗಿಲ ಮುಂದೆ ನಿಂತೆ. ಬಂದವನೇ ನಕ್ಕ.

"ಏನಲೇ, ನಿನ್ನ ಫೈಲೂ ಕಳೀತಾವ? ನಾವು ಬಡವರು ಏನ್ ಮಾಡಬೇಕಪಾ."

"ಲಗೂ ತಗೀಲೇ. ನಗೂದು ಆಮ್ಯಾಲ."

"ಕಿಟಕಿ ತಗೀಬ್ಯಾಡ ಮತ್ತ. ನಮ್ಮ ಮಂಗ್ಯಾಗಳು ಬಾಳಿಹಣ್ಣು ಬಿಟ್ಟು ಕಾಗದ ಒಯ್ಯೂದು ಕಲತಾವ. ನಿಂದೂ ಒಯ್ದಿದ್ದರ ಗುಡ್ಡಾ ಹತ್ತಿ ಕೇಳು, ಕೊಡ್ತಾವ."

ಕಿಟಕಿ ಮುಚ್ಚಿದ ಕೋಣೆಯಲ್ಲಿ ಎರಡನೇ ರುಮಾಲು ಬಿಚ್ಚಿದೆವು. ಹಸಿರು ದಾರದ ಕಡತ ಮೂರು ಇದ್ದವು. ಮೊದಲನೆಯದು ಅದಲ್ಲ, ಎರಡನೆಯದೂ ಅಲ್ಲ. ಮೂರನೆಯದರ ಮೇಲೆ ಬಾದಾಮಿಯ ದಾವೆಯದೇ ಹೆಸರು. ಗೆಳೆಯನ ನಗು ನಿಂತಿತ್ತು. "ಇಲ್ಲ ಕಾಣತೈತಿ ಬಿಡೋ," ಎಂದು ಮೆಲ್ಲಗೆ ಅಂದ. ನಾನು ಆ ಕಡತದ ಬೆನ್ನಿನ ಮೇಲೆ ಬೆರಳಾಡಿಸಿದೆ. ಕೆಳಗಿನ ತುದಿಯಲ್ಲಿ ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ಸಿಕ್ಕಿತು, ನನ್ನ ಕೊಂಡಿ, ತಂದುಕೊಟ್ಟ ದಿನ ನಾನೇ ಹಾಕಿದ್ದು. ಬಣ್ಣ ಹಾರಿದ ರೇಷ್ಮೆ ಎಳೆ, ಕುಣಿಕೆಯೊಳಗೆ ಕುಣಿಕೆ. ಎಳೆದಾಗ ಹಿಂದಿನಿಂದ ತೆಳ್ಳನೆಯ ಇನ್ನೊಂದು ಕಡತ ಬಂತು. ಅದರೊಳಗೆ ತೀರ್ಪಿನ ನಕಲು, ಕೋರ್ಟಿನ ಮೊಹರು, ದಾವೆಯ ನಂಬರು. ಅಂಕಿ ಎಂಟು.

ಫೋನಿನಲ್ಲಿ ಸಾಹೇಬರಿಗೆ ನಂಬರು ಓದಿದೆ. ಮೂರು ಸಲ ಓದಿಸಿದರು. ಆಮೇಲೆ ಕೇಳಿದರು, "ಅಲ್ರಿ, ಮೂರು ದಿನ ಯಾಕ ಸಿಗಲಿಲ್ಲ? ಕಂಪ್ಯೂಟರಿನ್ಯಾಗ ಏನಾರ ತಪ್ಪಾಗಿತ್ತೇನು?"

ಹೌದೆಂದರೆ ಮುಗಿಯುತ್ತಿತ್ತು. ಕಂಪ್ಯೂಟರ್ ತಿರುಗಿ ಮಾತಾಡುವುದಿಲ್ಲ. ಹುಡುಗಿ ಮಾತಾಡುತ್ತಾಳೆ, ಆದರೆ ಅವಳ ಮಾತನ್ನು ಯಾರು ಕೇಳಬೇಕು.

"ಇಲ್ರಿ ಸಾಹೇಬ್ರ. ಚೀಟಿ ನಾ ಅಂಟಿಸಿದ್ದೆ. ತಪ್ಪು ನಂದ."

"ಹುಷಾರಿಲೆ ಬರ್ರಿ," ಎಂದು ಸಾಹೇಬರು ಫೋನು ಇಟ್ಟರು.

ಸೋಮವಾರ ಹುನಗುಂದಕ್ಕೆ ನಾನೂ ಹೋದೆ. ಎದುರು ಪಕ್ಷದ ವಕೀಲರು ಎದ್ದು, ಇಷ್ಟು ತಡವಾಗಿ ತಂದ ಕಾಗದ ತಗೊಳ್ಳಬಾರದು ಎಂದು ವಾದಿಸಿದರು. ನ್ಯಾಯಾಧೀಶರು ಮೊಹರನ್ನು ನೋಡಿದರು, ಹಾಳೆ ತಿರುವಿದರು, ಮತ್ತೆ ಮೊಹರನ್ನು ನೋಡಿದರು. ಬಾಗಿಲ ಬಳಿ ನಿಂತಿದ್ದ ಬಾಯಾರು ನನ್ನ ತೋಳು ಮುಟ್ಟಿ, "ಏನಂದ್ರರಿ?" ಎಂದರು.

"ತಗೊಂಡ್ರು," ಅಂದೆ.

ಅವರು ಕೈಯಲ್ಲಿದ್ದ ನಕ್ಷೆಯನ್ನು ಮಡಚಿದರು. ಕೆಲವು ತಿಂಗಳ ಮೇಲೆ ದಾವೆ ವಜಾ ಆಯಿತು. ಒಮ್ಮೆ ತೀರಿದ ತಕರಾರನ್ನು ಮತ್ತೆ ಎತ್ತಲು ಬರುವುದಿಲ್ಲ ಎಂದು ತೀರ್ಪು. ಎರಡು ವರ್ಗ, ಅಡುಗೆ ಕೋಣೆ, ಬಯಲು, ಎಲ್ಲ ಹಾಗೆಯೇ ಇವೆ.

ಸಹಿಗೆಂದು ಇಟ್ಟಿದ್ದ ಹಾಳೆಯನ್ನು ಸಾಹೇಬರು ತಾವೇ ಹರಿದರು. ನಾನು ಮಂಗಳವಾರ ಹುಡುಗಿಯ ಮೇಜಿನ ಮುಂದೆ ಹೋಗಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಹೋಗಿದ್ದೆ, ಬಾಯಿಗೆ ಬರಲಿಲ್ಲ. "ಆ ಖಾನೇಕ ಜಾಗಾ ಮಾಡಾಕ ಬರತೈತೇನವಾ?" ಎಂದಷ್ಟೇ ಕೇಳಿದೆ.

"ಆಗಲೇ ಮ್ಯಾಲಿನವರಿಗೆ ಬರದೇನ್ರಿ ಕಾಕಾ. ಕಂಪ್ಯೂಟರಿನ್ಯಾಗ ಲಿಂಕ್ ಅಂತಾರಲ್ಲ, ಅದಕ್ಕ ಕನ್ನಡದಾಗ ಕೊಂಡಿ ಅಂತನ ಅಂತಾರ. ನಿಮಗ ಗೊತ್ತಿದ್ದಿಲ್ಲ?"

"ಇಲ್ಲ," ಅಂದೆ. "ನಮ್ಮಪ್ಪಗ ಹೇಳಿದ್ದರ ನಂಬತಿದ್ದಿಲ್ಲ."

ಆಮೇಲೆ ಇಬ್ಬರೂ ಕೂತು ಉಳಿದ ಚೀಟಿಗಳನ್ನು ಒಂದೊಂದಾಗಿ ಎಬ್ಬಿಸಿದೆವು. ಚಹಾ ಅವಳೇ ತರುತ್ತಿದ್ದಳು, ಕುಡಿಯಲು ಬೇರೆ, ಚೀಟಿಗೆ ಬೇರೆ.

ಈಗ ನನ್ನ ಬಳಿ ಇರುವುದು ಇಷ್ಟು. ಒಂಬತ್ತು ಪುಸ್ತಕ. ಎಬ್ಬಿಸಿ ಡಬ್ಬಿಯಲ್ಲಿಟ್ಟ ಇಪ್ಪತ್ತೇಳು ಚೀಟಿ. ಅವುಗಳ ಕೆಳಗೆ ಸಿಕ್ಕ ಅರವತ್ತೊಂದು ಮುಗಿದ ದಾವೆ. ಕಂಪ್ಯೂಟರಿನಲ್ಲಿ ಕೊಂಡಿ ಎಂಬ ಒಂದು ಖಾನೆ. ಇನ್ನೂ ಹುಡುಕಬೇಕಾದ ಕಡತ ಎರಡು.